ಕಾಡುಕೋಳಿ ಪುಕ್ಕದ ಬಣ್ಣ ಮೀನಿಗೆ ಕಾಣುತ್ತದೆಯೇ?

ಗುಂಡ್ಲುಪೇಟೆಯಿಂದ ಬಂಡೀಪುರದತ್ತ ಬೆಳಿಗ್ಗೆ ಹೊರಟರೆ ರಸ್ತೆಬದಿಯಲ್ಲಿ ಬೂದು ಕಾಡುಕೋಳಿ ಕಾಣಸಿಗಬಹುದು. ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದಲ್ಲೂ ಇದು ಇದೆ. ಹುಂಜದ ಕತ್ತಿನ ಪುಕ್ಕಗಳ ತುದಿಯಲ್ಲಿ ಮೇಣ ಸವರಿದಂತೆ ಹೊಳೆಯುವ ಬಿಳಿ, ಹಳದಿ ಚುಕ್ಕೆಗಳಿರುತ್ತವೆ. ಈ ಚುಕ್ಕೆಗಳೇ ಹಕ್ಕಿಗೆ ಕಂಟಕವಾದವು.

ನಮ್ಮ ಕಡೆ ಗಾಳಕ್ಕೆ ಎರೆಹುಳು ಇಲ್ಲವೇ ರಾಗಿಹಿಟ್ಟು ಸಿಕ್ಕಿಸುತ್ತಾರೆ. ಯುರೋಪಿನಲ್ಲಿ ಕೊಕ್ಕೆಗೆ ಪುಕ್ಕ, ರೇಷ್ಮೆದಾರ ಸುತ್ತಿ ಹುಸಿ ಹುಳು ಮಾಡುವ ಹಳೆಯ ಹವ್ಯಾಸವಿದೆ. ಅದಕ್ಕೆ ‘ಫ್ಲೈ’ ಎನ್ನುತ್ತಾರೆ. ಅದರ ಪಕ್ಕಕ್ಕೆ ಕಾಡುಕೋಳಿಯ ಪುಕ್ಕ ಕಟ್ಟಿದರೆ ಚುಕ್ಕೆ ಮರಿಮೀನಿನ ಕಣ್ಣಿನಂತೆ ಕಾಣುತ್ತದೆ. ಹಾಗಾಗಿ ವಿದೇಶದಲ್ಲಿ ಈ ಪುಕ್ಕಕ್ಕೆ ಭಾರೀ ಬೇಡಿಕೆ ಇತ್ತು.

ಬಣ್ಣ ಗಾಢವಾದಷ್ಟೂ ಮೀನು ಬೇಗ ಬೀಳುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಮಹಶೀರ್ ಸೇರಿರುವ ಕಾರ್ಪ್ ಕುಟುಂಬದ ಮೀನುಗಳಿಗೆ ಬಣ್ಣ ತಿಳಿಯುತ್ತದೆ. ಆದರೆ ಅಂಗಡಿಯಲ್ಲಿ ನಮಗೆ ಕಂಡ ಬಣ್ಣ ನೀರಿನಲ್ಲಿ ಉಳಿಯುವುದಿಲ್ಲ. ತಿಳಿನೀರು ಕೆಂಪು ಬೆಳಕನ್ನು ಮೊದಲು ಹೀರುತ್ತದೆ. ಕೆಲವು ಮೀಟರ್ ಆಳಕ್ಕೆ ಹೋದರೆ ಕೆಂಪು ದಾರ ಕಪ್ಪಾಗಿ ಕಾಣುತ್ತದೆ. ಮಳೆಗಾಲದಲ್ಲಿ ಕೆಂಪು ಮಣ್ಣು ಕದಡಿದ ಕೆರೆಯಲ್ಲಿ ಲೆಕ್ಕವೇ ತಿರುಗುಮುರುಗು: ಅಲ್ಲಿ ನೀಲಿ ಮೊದಲು ಮಾಯ.

ಇನ್ನೊಂದು ವಿಷಯ ನೆನೆಯುವುದು. ಬಿಳಿ ಪಂಚೆ ಒದ್ದೆಯಾದರೆ ಒಳಗಿನ ಮೈಬಣ್ಣ ತೋರುತ್ತದಲ್ಲ, ಹಾಗೆಯೇ ಇದು. ಒಣ ದಾರದ ಎಳೆಗಳ ನಡುವೆ ಗಾಳಿ ಇರುತ್ತದೆ, ಬೆಳಕು ಚದುರಿ ಬಣ್ಣ ತಿಳಿಯಾಗಿ ಕಾಣುತ್ತದೆ. ಗಾಳಿಯ ಜಾಗಕ್ಕೆ ನೀರು ಬಂದರೆ ಚದುರುವುದು ಕಡಿಮೆಯಾಗಿ ದಾರ ಮಬ್ಬಾಗುತ್ತದೆ, ತೆಳು ರೇಷ್ಮೆಯ ಒಳಗಿಂದ ಕೊಕ್ಕೆಯ ಕಪ್ಪೂ ಇಣುಕುತ್ತದೆ. ಆದ್ದರಿಂದ ಅನುಭವಿಗಳು ದಾರ ನೆನೆಸಿಯೇ ಬಣ್ಣ ನೋಡುತ್ತಾರೆ. ಕಾಡುಕೋಳಿಯ ಚುಕ್ಕೆಯಲ್ಲಿ ಎಳೆಗಳು ಬೆಸೆದು ಗಟ್ಟಿ ತಗಡಿನಂತಾಗಿರುವುದರಿಂದ ಅದು ನೆನೆದು ಮಂಕಾಗುವುದಿಲ್ಲ. ಅದರ ಹೆಚ್ಚುಗಾರಿಕೆ ಇಷ್ಟೇ.

ಮೇಲೆ ತೇಲುವ ಹುಸಿ ಹುಳುವನ್ನಂತೂ ಮೀನು ಕೆಳಗಿನಿಂದ, ಬೆಳಗುವ ಆಕಾಶದ ಎದುರು ನೋಡುತ್ತದೆ. ಆಗ ಕಾಣುವುದು ಹೆಚ್ಚಾಗಿ ಕಪ್ಪು ಆಕಾರ. ಅಲ್ಲಿ ಬಣ್ಣಕ್ಕಿಂತ ಗಾತ್ರ, ಅಲುಗಾಟ ಮುಖ್ಯ. ನನ್ನನ್ನು ಕೇಳಿದರೆ, ಎಷ್ಟೋ ಫ್ಲೈಗಳ ಬಣ್ಣ ಮೀನನ್ನಲ್ಲ, ಕೊಳ್ಳುವವರನ್ನು ಹಿಡಿಯುವುದಕ್ಕೆ!

ಹೊಳೆಯುವ ಕಣ್ಣೇ ಬೇಕೆಂದರೆ ಪ್ಲಾಸ್ಟಿಕ್ಕಿನದು ಸಿಗುತ್ತದೆ, ಬಣ್ಣದ ಒಂದು ಹನಿಯೂ ಸಾಕು. ಬಂಡೀಪುರದ ಹುಂಜಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಪುಕ್ಕಕ್ಕಾಗಿ ಅದನ್ನು ಹಿಡಿಯುವುದು, ಕೊಲ್ಲುವುದು ಅಪರಾಧ.