ಹೃದಯ ವೈಫಲ್ಯ: ಮನೆಯಲ್ಲಿ ಏನು ಬದಲಾಗಬೇಕು?

‘ಹಾರ್ಟ್ ಫೇಲ್ಯೂರ್’ ಎಂದು ವೈದ್ಯರು ಹೇಳಿದ ಕೂಡಲೇ ಹೃದಯ ನಿಂತೇಹೋಗುತ್ತದೆ ಎಂದು ಮನೆಯವರು ಹೆದರುತ್ತಾರೆ. ಕಳೆದ ವರ್ಷ ನಮ್ಮ ನಾನಿಗೆ ಈ ಕಾಯಿಲೆ ಇದೆ ಎಂದಾಗ ನಮ್ಮ ಮನೆಯಲ್ಲೂ ಹಾಗೇ ಆಯಿತು. ನಿಜವಾದ ಅರ್ಥ ಬೇರೆ. ಹೃದಯ ಕೆಲಸ ಮಾಡುತ್ತಲೇ ಇರುತ್ತದೆ, ಆದರೆ ದೇಹಕ್ಕೆ ಬೇಕಾದಷ್ಟು ರಕ್ತವನ್ನು ಪಂಪ್ ಮಾಡಲು ಅದಕ್ಕೆ ಆಗುವುದಿಲ್ಲ. ಆಗ ದೇಹದಲ್ಲಿ ನೀರು ಕಡಿಮೆಯಾಗಿದೆ ಎಂದುಕೊಂಡು ಮೂತ್ರಪಿಂಡಗಳು ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತವೆ. ಆ ನೀರು ಕಾಲಿಗೆ ಇಳಿದರೆ ಬಾವು, ಶ್ವಾಸಕೋಶದಲ್ಲಿ ಸೇರಿದರೆ ಏದುಸಿರು. ರಾತ್ರಿ ಮಲಗಲು ಎರಡು ಮೂರು ದಿಂಬು ಕೇಳುವುದು ಇದಕ್ಕೇ.

ಆದ್ದರಿಂದ ಮೊದಲು ಉಪ್ಪು. ಆರೋಗ್ಯವಂತರಿಗೇ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಾಲನ್‌ಗೆ ಉಪ್ಪು ಕಡಿಮೆ ಹಾಕಿ ಪಕ್ಕದಲ್ಲಿ ಉಪ್ಪಿನಕಾಯಿ, ಹಪ್ಪಳ ಇಟ್ಟರೆ ಏನೂ ಉಳಿತಾಯವಾಗಲಿಲ್ಲ. ಬ್ರೆಡ್, ಬೇಕರಿಯ ಖಾರಾ ಬಿಸ್ಕತ್ತು, ಒಣಮೀನು, ನೂಡಲ್ಸ್‌ನ ಮಸಾಲೆ ಪೊಟ್ಟಣ ಎಲ್ಲದರಲ್ಲೂ ಉಪ್ಪು ಅಡಗಿದೆ. ಪ್ಯಾಕೆಟ್ ಹಿಂದೆ ‘ಸೋಡಿಯಂ’ ಎಂದು ಬರೆದಿರುತ್ತಾರೆ. ಅದನ್ನು 2.5ರಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ: 800 ಮಿಲಿಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು. ಕಾಮರ್ಸ್‌ನವರಿಗೆ ಇದೇನು ಕಷ್ಟದ ಲೆಕ್ಕವಲ್ಲ! ರುಚಿಗೆ ನಿಂಬೆ, ಹುಣಸೆ, ಬೆಳ್ಳುಳ್ಳಿ, ಪುದೀನಾ, ಕಾಳುಮೆಣಸು ಇವೆ. ಕೆಲವು ವಾರಗಳಲ್ಲಿ ನಾಲಿಗೆ ಒಗ್ಗುತ್ತದೆ ಎನ್ನುತ್ತಾರೆ, ನಾನಿ ಮಾತ್ರ ಈಗಲೂ ಗೊಣಗುತ್ತಾರೆ. ಅಂಗಡಿಯ ‘ಲೋ ಸೋಡಿಯಂ’ ಉಪ್ಪನ್ನು ಕೇಳದೆ ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಹೃದಯದ ಕೆಲವು ಮಾತ್ರೆಗಳ ಜೊತೆ ಸೇರಿ ರಕ್ತದಲ್ಲಿ ಅದು ಅಪಾಯದ ಮಟ್ಟಕ್ಕೆ ಏರಬಹುದು.

ಎರಡನೆಯದು ತೂಕ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ದೇಹದಲ್ಲಿ ನೀರು ನಿಲ್ಲುತ್ತಿರುವುದನ್ನು ಕಾಲು ಊದುವ ಮೊದಲೇ ತೂಕದ ಯಂತ್ರ ಹೇಳಬಲ್ಲದು. ಬೆಳಿಗ್ಗೆ ಮೂತ್ರ ಮಾಡಿ ಬಂದ ಮೇಲೆ, ತಿಂಡಿಗೆ ಮೊದಲು ತೂಕ ನೋಡಿ ಪುಸ್ತಕದಲ್ಲಿ ಬರೆಯಬೇಕು. ಮೂರು ದಿನಗಳಲ್ಲಿ 2 ಕಿಲೋ ಏರಿದರೆ ವೈದ್ಯರಿಗೆ ಫೋನ್ ಮಾಡಬೇಕು. ಇದು ಮನೆಯ ಮಕ್ಕಳೇ ಮಾಡಬಹುದಾದ ಕೆಲಸ. ವೈದ್ಯರು ನೀರಿಗೆ ಮಿತಿ ಹೇಳಿದ್ದರೆ ಚಹಾ, ಮಜ್ಜಿಗೆ, ಗಂಜಿ, ಶೋರ್ಬಾ ಎಲ್ಲವೂ ಅದರಲ್ಲೇ ಸೇರಬೇಕು.

ವೈದ್ಯರು ಒಪ್ಪಿದಷ್ಟು ದೂರ ನಿಧಾನವಾಗಿ ನಡೆಯಲಿ, ದಿನವಿಡೀ ಮಲಗಿಸಬೇಡಿ. ಬೀಡಿ, ಗುಟ್ಕಾ ಪೂರ್ತಿ ಬಂದ್. ಮಂಡಿನೋವಿಗೆಂದು ಮೆಡಿಕಲ್ ಅಂಗಡಿಯಲ್ಲಿ ಸಿಗುವ ಐಬುಪ್ರೊಫೇನ್, ಡೈಕ್ಲೋಫಿನಾಕ್ ಮಾತ್ರೆಗಳೂ ದೇಹದಲ್ಲಿ ಉಪ್ಪು, ನೀರು ನಿಲ್ಲಿಸುತ್ತವೆ.

ನಮ್ಮ ಮನೆಗಳಲ್ಲಿ ದೊಡ್ಡ ಜಗಳ ರಂಜಾನ್‌ನಲ್ಲಿ. ಹಿರಿಯರು ರೋಜಾ ಬಿಡಲು ಒಪ್ಪುವುದಿಲ್ಲ, ಮಾತ್ರೆ ಬಿಡುತ್ತಾರೆ! ಮೂತ್ರ ಹೆಚ್ಚಿಸುವ ಮಾತ್ರೆ ತಪ್ಪಿದರೆ ನೀರು ತುಂಬುತ್ತದೆ. ಅದನ್ನು ನುಂಗಿ ದಿನವಿಡೀ ನೀರಿಲ್ಲದಿದ್ದರೆ ರಕ್ತದೊತ್ತಡ ಕುಸಿಯಬಹುದು. ರೋಗಿಗಳಿಗೆ ರೋಜಾದಿಂದ ವಿನಾಯಿತಿ ಇದೆ. ಗುಣವಾಗುವ ಭರವಸೆ ಇಲ್ಲದವರು ಒಂದೊಂದು ರೋಜಾಕ್ಕೆ ಒಬ್ಬ ಬಡವರಿಗೆ ಊಟ ಕೊಡುವ ಫಿದ್ಯಾ ಇದೆ. ಯಾರು ರೋಜಾ ಇಡಬಹುದು, ಮಾತ್ರೆಯ ಹೊತ್ತು ಹೇಗೆ ಬದಲಿಸಬೇಕು ಎಂಬುದನ್ನು ಶಾಬಾನ್ ತಿಂಗಳಲ್ಲೇ ವೈದ್ಯರ ಬಳಿ ಕೇಳಿ, ಆಮೇಲೆ ಮೌಲಾನಾರ ಬಳಿ ಹೋಗಿ. ಹೋಗುವಾಗ ಆ ತೂಕದ ಪುಸ್ತಕವೂ ವೈದ್ಯರ ಕೈಗೆ ಸಿಗಲಿ.