ಹೊರಗೆ ಚೆಂದ, ಒಳಗೆ ಹುಳು: ಇದು ‘ಸ್ಪೀಶಸ್’

ಆಪ್ಟಿಟ್ಯೂಡ್ ಪರೀಕ್ಷೆಗೆ ಓದುವವರಿಗೆ ‘ಸ್ಪೀಶಸ್’ ಎಂಬ ಇಂಗ್ಲಿಷ್ ಪದ ಆಗಾಗ ಎದುರಾಗುತ್ತದೆ. ಅದರ ಮುಂದೆ ‘ಸುಳ್ಳು’ ಎಂದು ಬರೆದುಕೊಂಡು ಮುಂದಿನ ಪದಕ್ಕೆ ಹೋಗುವವರೇ ಹೆಚ್ಚು. ಅಷ್ಟೇ ಆಗಿದ್ದರೆ ಈ ಪದವೇ ಬೇಕಿರಲಿಲ್ಲ. ಕೇಳಿದ ಕೂಡಲೇ ‘ಹೌದಲ್ಲ!’ ಎನಿಸಿ, ಕೆದಕಿದರೆ ಕುಸಿಯುವ ವಾದವೇ ಸ್ಪೀಶಸ್.

ಇದರ ಮೂಲ ಲ್ಯಾಟಿನ್ನಿನ ‘ಸ್ಪೆಸಿಯೋಸಸ್’. ಅಂದರೆ ಸುಂದರ, ನೋಡಲು ಚೆಂದ. ಇಂಗ್ಲಿಷಿನಲ್ಲೂ ಮೊದಮೊದಲು ಅದು ಹೊಗಳಿಕೆಯೇ ಆಗಿತ್ತು. ಕ್ರಮೇಣ ‘ಚೆಂದ ಹೊರಗೆ ಮಾತ್ರ’ ಎಂಬ ಅರ್ಥ ಅಂಟಿಕೊಂಡಿತು. ನಮ್ಮ ಅತ್ತಿಹಣ್ಣಿನ ಗಾದೆ ನೆನಪಿದ್ದರೆ ಈ ಪದ ಮರೆಯುವುದಿಲ್ಲ. ಭಾರತೀಯ ತರ್ಕಶಾಸ್ತ್ರದಲ್ಲಿ ಇದಕ್ಕೆ ಹತ್ತಿರದ ಪದ ‘ಹೇತ್ವಾಭಾಸ’, ಅಂದರೆ ಕಾರಣದಂತೆ ಕಾಣುವ, ಆದರೆ ಕಾರಣವಲ್ಲದ್ದು.

‘ಸ್ಪ್ಯೂರಿಯಸ್’ ಜೊತೆ ಇದನ್ನು ಬೆರೆಸಬೇಡಿ. ಅದು ನಕಲಿ ಎಂಬುದಕ್ಕೆ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಲ್ಲಿ ನಕಲಿ ಔಷಧಕ್ಕೆ ಬಳಸಿರುವುದು ಅದೇ ಪದ. ಸ್ಪೀಶಸ್ ಆಗುವುದು ಹೆಚ್ಚಾಗಿ ವಾದ, ತರ್ಕ, ಸಮರ್ಥನೆ.

1 = 2 ಎಂದು ಸಾಧಿಸುವ ಲೆಕ್ಕವನ್ನು ನೀವೂ ನೋಡಿರಬಹುದು. ‘ಎ’ ಮತ್ತು ‘ಬಿ’ ಸಮ ಎಂದು ಶುರುವಾಗುತ್ತದೆ. ಪ್ರತಿ ಸಾಲೂ ಸರಿ ಎನಿಸುತ್ತದೆ. ನಡುವೆ ಒಂದು ಕಡೆ ಎರಡೂ ಬದಿಯನ್ನು ‘ಎ ಮೈನಸ್ ಬಿ’ಯಿಂದ ಭಾಗಿಸಿರುತ್ತಾರೆ, ಅಂದರೆ ಸೊನ್ನೆಯಿಂದ!

ಲೆಕ್ಕದಲ್ಲಾದರೆ ನಕ್ಕು ಸುಮ್ಮನಾಗಬಹುದು. ‘ಶೇ 100 ಪ್ಲೇಸ್‌ಮೆಂಟ್’ ಎಂಬ ಫ್ಲೆಕ್ಸ್ ನೋಡಿ ಶಿಕ್ಷಣ ಸಾಲಕ್ಕೆ ಸಹಿ ಹಾಕುವ ಅಪ್ಪನಿಗೆ ಅದು ನಗುವ ವಿಷಯವಲ್ಲ. ಒಂದು ಬ್ರಾಂಚಿನಲ್ಲಿ 120 ಮಂದಿ ಇದ್ದಾರೆ ಎಂದಿಟ್ಟುಕೊಳ್ಳಿ. ಬ್ಯಾಕ್‌ಲಾಗ್ ಇದ್ದವರು, ಕಟ್‌ಆಫ್‌ಗಿಂತ ಕಡಿಮೆ ಅಂಕದವರು, ಹೆಸರು ನೋಂದಾಯಿಸದವರು ಹೊರಗೆ. ಉಳಿದ 40 ಮಂದಿ ‘ಅರ್ಹರು’. ಅವರಿಗೆಲ್ಲ ಕೆಲಸ ಸಿಕ್ಕರೆ ಶೇ 100! ಮಿಕ್ಕ 80 ಮಂದಿ ಭಿನ್ನರಾಶಿಯ ಕೆಳಗೂ ಇಲ್ಲ, ಮೇಲೂ ಇಲ್ಲ. ಒಬ್ಬನಿಗೆ ಮೂರು ಆಫರ್ ಬಂದರೆ ಮೂರು ಎಂದೇ ಎಣಿಸುವುದೂ ಉಂಟು. ಫ್ಲೆಕ್ಸಿನಲ್ಲಿ ಬರೆದದ್ದು ಸುಳ್ಳಲ್ಲ. ‘ಹಾಗಾದರೆ ಸೇರಿದವರಿಗೆಲ್ಲ ಕೆಲಸ’ ಎಂದು ನಮ್ಮ ಬಾಯಲ್ಲೇ ಹೇಳಿಸುತ್ತದಲ್ಲ, ಅಲ್ಲಿದೆ ಹುಳು. ಕೌನ್ಸೆಲಿಂಗ್‌ಗೆ ಹೋಗುವ ತಮ್ಮ, ತಂಗಿಯರು ‘ಎಷ್ಟು ಮಂದಿಯಲ್ಲಿ ಎಷ್ಟು?’ ಎಂದು ಕೇಳಲಿ.

ಕೆಲಸ ಹುಡುಕುವವರಿಗೆ ಬರುವ ಇನ್ನೊಂದು ಮಾತು: ‘ಡೆಪಾಸಿಟ್ ಕಟ್ಟಿ, ಮೊದಲ ಸಂಬಳದ ಜೊತೆ ವಾಪಸ್ ಕೊಡ್ತೀವಿ, ನಿಮಗೇನೂ ನಷ್ಟ ಇಲ್ಲ.’ ಕೆಲಸವೇ ಇಲ್ಲದಿದ್ದರೆ ಮೊದಲ ಸಂಬಳ ಯಾವತ್ತು?