ಗದ್ದೆಯ ಜ್ವರಗಳೂ ಡಾಕ್ಸಿಸೈಕ್ಲಿನ್ ಮಾತ್ರೆಯೂ

ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮುಂಗಾರು ಬಲವಾಗಿ ಹಿಡಿದು ನಾಟಿಯ ಕೆಲಸ ಪ್ರಾರಂಭವಾದ ಮೇಲೆ, ಆಳುಗಳು ಹಗಲೆಲ್ಲಾ ಮೊಣಕಾಲುದ್ದ ಕೆಸರಿನಲ್ಲಿ ನಿಂತು ದುಡಿಯಬೇಕಾಗುತ್ತದೆ. ಹೀಗೆ ದುಡಿದವರಲ್ಲಿ ಕೆಲವರಿಗೆ ಒಂದೆರಡು ವಾರಗಳೊಳಗಾಗಿ ಚಳಿಜ್ವರವೂ ವಿಪರೀತವಾದ ಮೈನೋವೂ ಕಾಣಿಸಿಕೊಳ್ಳುವುದುಂಟು. ಮಳೆಯಲ್ಲಿ ನೆನೆದ ಜ್ವರವೆಂದು ಭಾವಿಸಿ, ಕಷಾಯ ಕುಡಿದು ಕಂಬಳಿ ಹೊದ್ದು ಮಲಗುವುದು ವಾಡಿಕೆ. ಇವುಗಳಲ್ಲಿ ಹಲವು ಜ್ವರಗಳು ತಾವಾಗಿಯೇ ಇಳಿಯುವುದೂ ನಿಜವೇ. ಆದರೆ ಕೆಲವು ಇಳಿಯುವುದಿಲ್ಲ. ಕೆಲವೇ ದಿನಗಳಲ್ಲಿ ಕಣ್ಣು ಹಳದಿಯಾಗಿ, ಮೂತ್ರ ಕಡಿಮೆಯಾಗಿ, ಮನೆಗೆ ಆಧಾರವಾಗಿದ್ದ ಮನುಷ್ಯನನ್ನೇ ಕೊಂಡೊಯ್ಯುತ್ತವೆ. ಇಂತಹ ಜ್ವರಗಳಿಗೆ ಆರಂಭದಲ್ಲಿಯೇ ಕೊಟ್ಟರೆ ಗುಣವನ್ನುಂಟುಮಾಡತಕ್ಕ ಅಲ್ಪ ಬೆಲೆಯ ಮಾತ್ರೆಯೊಂದುಂಟು. ಅದರ ಹೆಸರು ಡಾಕ್ಸಿಸೈಕ್ಲಿನ್. ಅದರ ಉಪಯೋಗವನ್ನೂ, ತೆಗೆದುಕೊಳ್ಳತಕ್ಕ ಪ್ರಮಾಣವನ್ನೂ, ಎಚ್ಚರಿಕೆಗಳನ್ನೂ ಗ್ರಾಮಗಳ ಮುಖಂಡರು ಮತ್ತು ಭೂಮಾಲೀಕರು ತಿಳಿದಿರುವುದು ಅತ್ಯವಶ್ಯಕವಾದ್ದರಿಂದ ಇಲ್ಲಿ ವಿವರಿಸಲಾಗಿದೆ.

ಮಣ್ಣಿನಿಂದ ಬಂದ ಮದ್ದು

ಈ ಔಷಧದ ಮೂಲವು ಒಂದು ಹೊಲದ ಮಣ್ಣೆಂಬುದನ್ನು ಕೇಳಿ ಕೃಷಿಕರಿಗೆ ಸಂತೋಷವಾಗದಿರದು. ಅಮೆರಿಕಾ ದೇಶದ ಮಿಸೌರಿ ವಿಶ್ವವಿದ್ಯಾನಿಲಯದವರು ೧೮೮೮ರಿಂದ ನಡೆಸಿಕೊಂಡು ಬಂದಿರುವ ಸ್ಯಾನ್‌ಬಾರ್ನ್ ಎಂಬ ಪ್ರಯೋಗ ಕ್ಷೇತ್ರದಲ್ಲಿ ಹುಲ್ಲು ಬೆಳೆಯುತ್ತಿದ್ದ ಒಂದು ತಾಕಿನ ಮಣ್ಣನ್ನು ಲೆಡರ್ಲೆ ಸಂಸ್ಥೆಗೆ ಕಳುಹಿಸಲಾಗಿತ್ತು. ಅಲ್ಲಿ ಬೆಂಜಮಿನ್ ಡಗ್ಗರ್ ಎಂಬ ಸಸ್ಯಶಾಸ್ತ್ರಜ್ಞರು ಆ ಮಣ್ಣಿನಲ್ಲಿದ್ದ ಹೊಂಬಣ್ಣದ ಒಂದು ಸೂಕ್ಷ್ಮಜೀವಿಯಿಂದ ಆರಿಯೋಮೈಸಿನ್ ಎಂಬ ಔಷಧವನ್ನು ಪಡೆದು ೧೯೪೮ರಲ್ಲಿ ಪ್ರಕಟಪಡಿಸಿದರು. ಆಗ ಆ ಸಂಸ್ಥೆಯ ಸಂಶೋಧನೆಗಳಿಗೆ ನಿರ್ದೇಶಕರಾಗಿದ್ದವರು ಭೀಮವರಂನಲ್ಲಿ ಜನಿಸಿದ ನಮ್ಮ ದೇಶದವರೇ ಆದ ಯಲ್ಲಾಪ್ರಗಡ ಸುಬ್ಬರಾಯರು. ಅದೇ ವರ್ಗಕ್ಕೆ ಸೇರಿದ ಡಾಕ್ಸಿಸೈಕ್ಲಿನ್ ೧೯೬೭ರಲ್ಲಿ ಬಳಕೆಗೆ ಬಂದಿತು. ಇದು ಶರೀರದಲ್ಲಿ ಹೆಚ್ಚು ಕಾಲ ನಿಲ್ಲುವುದರಿಂದ, ಹಳೆಯವುಗಳಂತೆ ದಿನಕ್ಕೆ ನಾಲ್ಕು ಸಲ ಸೇವಿಸಬೇಕಾದ ತೊಂದರೆಯಿಲ್ಲ.

ಈ ಮದ್ದು ರೋಗಾಣುಗಳು ತಮ್ಮ ದೇಹಕ್ಕೆ ಬೇಕಾದ ಪ್ರೋಟೀನನ್ನು ತಯಾರಿಸಿಕೊಳ್ಳದಂತೆ ತಡೆಯುತ್ತದೆ. ಆಗ ಅವುಗಳ ವೃದ್ಧಿಯು ನಿಂತು, ಉಳಿದವುಗಳನ್ನು ಶರೀರವೇ ನಾಶಮಾಡುತ್ತದೆ. ಈ ಕೆಲಸಕ್ಕೆ ದಿನಗಳು ಬೇಕು. ಜ್ವರ ಇಳಿಯಿತೆಂದು ಮಾತ್ರೆಯನ್ನು ನಡುವೆ ನಿಲ್ಲಿಸುವುದು ಕಳೆಯ ತಲೆಯನ್ನು ಕೊಯ್ದು ಬೇರನ್ನು ಬಿಟ್ಟಂತೆಯೇ ಸರಿ.

ಯಾವ ಯಾವ ಜ್ವರಗಳಲ್ಲಿ ಉಪಯೋಗ

ಮೊದಲನೆಯದು ಇಲಿಜ್ವರ. ಇಲಿ, ಹೆಗ್ಗಣಗಳ ಮೂತ್ರದಲ್ಲಿಯೂ, ಕೆಲವು ವೇಳೆ ದನ, ಹಂದಿ, ನಾಯಿಗಳ ಮೂತ್ರದಲ್ಲಿಯೂ ಇರುವ ಸುರುಳಿಯಾಕಾರದ ರೋಗಾಣುವು ನಿಂತ ನೀರು ಮತ್ತು ಕೆಸರಿನಲ್ಲಿ ಬದುಕಿದ್ದು, ಕಾಲಿನ ಗಾಯ, ಒಡಕು, ನೀರಿನಲ್ಲಿ ನೆನೆದು ಮೆತ್ತಗಾದ ಚರ್ಮ ಇವುಗಳ ಮೂಲಕ ಒಳಸೇರುತ್ತದೆ. ಹಠಾತ್ತನೆ ಜ್ವರ, ತಲೆನೋವು, ಮೀನಖಂಡಗಳನ್ನು ಮುಟ್ಟಿದರೂ ಸಹಿಸಲಾಗದಷ್ಟು ನೋವು, ಕೆಂಗಣ್ಣು, ಇವು ಮೊದಲ ಲಕ್ಷಣಗಳು. ರೋಗ ಬಲಿತರೆ ಕಾಮಾಲೆ, ಮೂತ್ರ ಕಡಿಮೆಯಾಗುವುದು, ಕಫದಲ್ಲಿ ರಕ್ತ ಕಾಣುವುದು ಮುಂತಾದವು ಉಂಟಾಗುತ್ತವೆ.

ಎರಡನೆಯದು ಸ್ಕ್ರಬ್ ಟೈಫಸ್ ಎಂಬ ಪೊದೆಜ್ವರ. ಪೊದೆ ಹುಲ್ಲುಗಳಲ್ಲಿರುವ, ಕಣ್ಣಿಗೆ ಕಾಣಿಸದಷ್ಟು ಸಣ್ಣದಾದ ನುಸಿಯ ಮರಿಗಳು ಕಚ್ಚುವುದರಿಂದ ಇದು ಬರುತ್ತದೆ. ಕಂಕುಳು, ತೊಡೆಯ ಸಂದು, ಸೊಂಟ ಮುಂತಾದೆಡೆಗಳಲ್ಲಿ ಬೀಡಿಯ ಬೆಂಕಿ ತಗುಲಿ ಸುಟ್ಟಂತಹ ಕಪ್ಪು ಹೆಪ್ಪೊಂದು ಅನೇಕ ರೋಗಿಗಳಲ್ಲಿ ಕಂಡುಬರುತ್ತದೆ. ಅದರಲ್ಲಿ ನೋವಿಲ್ಲದ್ದರಿಂದ ರೋಗಿಯು ತಾನಾಗಿ ಹೇಳುವುದಿಲ್ಲ, ಹುಡುಕಿ ನೋಡಬೇಕು.

ಮೂರನೆಯದು ಬ್ರುಸೆಲ್ಲಾ ಜ್ವರ. ಕಂದು ಹಾಕಿದ ದನಗಳ ಮಾಸು, ಸ್ರಾವಗಳನ್ನು ಬರಿಗೈಯಲ್ಲಿ ಮುಟ್ಟುವುದರಿಂದಲೂ, ಕಾಯಿಸದ ಹಾಲನ್ನು ಕುಡಿಯುವುದರಿಂದಲೂ ಇದು ತಗಲುತ್ತದೆ.

ಡೆಂಗಿ, ಚಿಕುನ್‌ಗುನ್ಯಾ ಮತ್ತು ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಪ್ರದೇಶದಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ, ಇವೆಲ್ಲವೂ ವೈರಸ್ಸುಗಳಿಂದ ಬರತಕ್ಕವು. ಇವುಗಳ ಮೇಲೆ ಡಾಕ್ಸಿಸೈಕ್ಲಿನ್ ಏನನ್ನೂ ಮಾಡಲಾರದು. ನೆಗಡಿ, ಶೀತಗಳಿಗೂ ಇದರಿಂದ ಪ್ರಯೋಜನವಿಲ್ಲ. ಹೊರಗಿನ ಲಕ್ಷಣಗಳು ಒಂದನ್ನೊಂದು ಹೋಲುವುದರಿಂದ, ಯಾವ ಜ್ವರವೆಂಬುದನ್ನು ರಕ್ತಪರೀಕ್ಷೆಯಿಂದ ವೈದ್ಯರೇ ನಿರ್ಣಯಿಸತಕ್ಕದ್ದು. ಈ ಕಾರಣದಿಂದಲೇ ವೈದ್ಯರ ಚೀಟಿಯಿಲ್ಲದೆ ಇದನ್ನು ಮಾರಕೂಡದೆಂದು ಕಾನೂನಿರುವುದು.

ಪ್ರಮಾಣ

ವೈದ್ಯರು ಸಾಮಾನ್ಯವಾಗಿ ವಿಧಿಸುವ ಪ್ರಮಾಣವು ಹೀಗಿದೆ. ಆಳುಗಳು ಚೀಟಿಯನ್ನು ಓದಿಸಿಕೊಳ್ಳಲು ಬಂದಾಗ ಸರಿಯಾಗಿ ತಿಳಿಯಹೇಳುವುದಕ್ಕಾಗಿ ಇದನ್ನು ಕೊಡಲಾಗಿದೆಯೇ ಹೊರತು, ತಾವೇ ಔಷಧ ಕೊಡುವುದಕ್ಕಾಗಿ ಅಲ್ಲ.

೧. ಸೌಮ್ಯವಾದ ಇಲಿಜ್ವರದಲ್ಲಿ ವಯಸ್ಕರಿಗೆ ೧೦೦ ಮಿಲಿಗ್ರಾಂ ಮಾತ್ರೆ, ೧೨ ಗಂಟೆಗೊಂದರಂತೆ, ೭ ದಿನಗಳು. ರೋಗ ಬಲಿತಿದ್ದರೆ ಆಸ್ಪತ್ರೆಯಲ್ಲಿರಿಸಿಕೊಂಡು ಪೆನಿಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್ ಸೂಜಿಮದ್ದನ್ನು ಕೊಡುತ್ತಾರೆ.

೨. ಸ್ಕ್ರಬ್ ಟೈಫಸ್ಸಿನಲ್ಲಿ ಅದೇ ಪ್ರಮಾಣ, ಸಾಮಾನ್ಯವಾಗಿ ೭ ದಿನಗಳು. ಇದರಲ್ಲಿ ಎರಡು ದಿನಗಳೊಳಗಾಗಿ ಜ್ವರ ಇಳಿಮುಖವಾಗುವುದು ವಾಡಿಕೆ. ಹಾಗಾಗದಿದ್ದರೆ ರೋಗಿಯನ್ನು ಮತ್ತೆ ವೈದ್ಯರಿಗೆ ತೋರಿಸತಕ್ಕದ್ದು.

೩. ಬ್ರುಸೆಲ್ಲಾ ಜ್ವರದಲ್ಲಿ ೧೦೦ ಮಿಲಿಗ್ರಾಂ ದಿನಕ್ಕೆ ಎರಡು ಸಲ, ಬೇರೊಂದು ಔಷಧದೊಡನೆ, ೬ ವಾರಗಳು.

೪. ೪೫ ಕಿಲೋಗ್ರಾಂಗಿಂತ ಕಡಿಮೆ ತೂಕದ ಮಕ್ಕಳಿಗೆ ತೂಕವನ್ನನುಸರಿಸಿ, ಕಿಲೋಗ್ರಾಮಿಗೆ ಸುಮಾರು ೨.೨ ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ. ದೊಡ್ಡವರ ಮಾತ್ರೆಯನ್ನು ಅಂದಾಜಿನಿಂದ ಮುರಿದು ಕೊಡಕೂಡದು.

ಒಂದು ಹೊತ್ತಿನ ಮಾತ್ರೆ ಮರೆತಲ್ಲಿ ನೆನಪಾದೊಡನೆ ಸೇವಿಸಬಹುದು. ಮುಂದಿನ ಹೊತ್ತು ಸಮೀಪಿಸಿದ್ದರೆ ಮರೆತದ್ದನ್ನು ಬಿಟ್ಟುಬಿಡಬೇಕು. ಎರಡನ್ನು ಒಟ್ಟಿಗೆ ನುಂಗಕೂಡದು.

ಸೇವಿಸುವ ಕ್ರಮ

ಮಾತ್ರೆಯನ್ನು ಕುಳಿತು ಅಥವಾ ನಿಂತು, ದೊಡ್ಡ ಲೋಟದ ತುಂಬ ನೀರಿನೊಡನೆ ನುಂಗಿ, ಆ ಮೇಲೆ ಅರ್ಧ ಗಂಟೆಯಾದರೂ ಮಲಗದೆ ಇರತಕ್ಕದ್ದು. ಹಾಗೆ ಮಾಡದಿದ್ದರೆ ಮಾತ್ರೆಯು ಅನ್ನನಾಳದಲ್ಲಿಯೇ ನಿಂತು ಹುಣ್ಣನ್ನುಂಟುಮಾಡುವುದು. ಹೊಟ್ಟೆ ತೊಳಸುವವರು ಊಟದ ಅನಂತರ ಸೇವಿಸಬಹುದು. ಹಾಲಿನೊಡನೆ ನುಂಗುವುದು ಒಳ್ಳೆಯದಲ್ಲ. ಕಬ್ಬಿಣಾಂಶದ ಮಾತ್ರೆ, ಸುಣ್ಣದ ಸತ್ವದ ಮಾತ್ರೆ, ಹುಳಿತೇಗಿನ ಔಷಧ ಇವುಗಳಿಗೂ ಇದಕ್ಕೂ ಎರಡು ಮೂರು ಗಂಟೆಗಳ ಅಂತರವಿರಬೇಕು. ಇಲ್ಲದಿದ್ದರೆ ಮದ್ದು ರಕ್ತಕ್ಕೆ ಪೂರ್ಣವಾಗಿ ಸೇರುವುದಿಲ್ಲ.

ಈ ಮದ್ದನ್ನು ಸೇವಿಸುವವರ ಚರ್ಮವು ಬಿಸಿಲಿಗೆ ಬೇಗನೆ ಸುಟ್ಟಂತಾಗುತ್ತದೆ. ಬಯಲಿನಲ್ಲಿ ದುಡಿಯುವವರಿಗೆ ಇದು ಮುಖ್ಯವಾದ ಮಾತು. ಅಷ್ಟು ದಿನ ಅವರಿಗೆ ನೆರಳಿನ ಕೆಲಸವನ್ನು ಕೊಡುವುದು ಅಥವಾ ವಿಶ್ರಾಂತಿ ಕೊಡುವುದು ಮಾಲೀಕರ ಧರ್ಮ.

ಯಾರು ಎಚ್ಚರಿಕೆಯಿಂದಿರಬೇಕು

ಗರ್ಭಿಣಿಯರಿಗೆ ಸಾಮಾನ್ಯವಾಗಿ ಇದನ್ನು ಕೊಡುವುದಿಲ್ಲ. ಅವರಿಗೆ ತಕ್ಕ ಬೇರೆ ಔಷಧಗಳುಂಟು. ನಾಟಿಯ ಕೆಲಸದಲ್ಲಿ ಹೆಂಗಸರೇ ಹೆಚ್ಚಾಗಿರುವುದರಿಂದ, ಗರ್ಭವಿರುವ ಸಂಗತಿಯನ್ನು ವೈದ್ಯರಿಗೆ ಸಂಕೋಚವಿಲ್ಲದೆ ತಿಳಿಸುವಂತೆ ಹೇಳಬೇಕು. ಎಂಟು ವರ್ಷದೊಳಗಿನ ಮಕ್ಕಳ ಹಲ್ಲುಗಳಿಗೆ ಈ ವರ್ಗದ ಔಷಧಗಳಿಂದ ಬಣ್ಣ ಹಿಡಿಯುವ ಭಯವುಂಟು. ಆದರೂ ಸ್ಕ್ರಬ್ ಟೈಫಸ್ಸಿನಂತಹ ಪ್ರಾಣಾಪಾಯದಲ್ಲಿ ವೈದ್ಯರು ಕೊಟ್ಟರೆ ಹಿಂಜರಿಯಬಾರದು. ಮೂರ್ಛೆರೋಗದ ಔಷಧ ಅಥವಾ ರಕ್ತ ಹೆಪ್ಪುಗಟ್ಟದಿರುವ ಔಷಧ ಸೇವಿಸುವವರು ಅದನ್ನು ಮೊದಲೇ ತಿಳಿಸತಕ್ಕದ್ದು. ಮೈಮೇಲೆ ದದ್ದು, ಉಸಿರಾಟಕ್ಕೆ ಕಷ್ಟ, ಮುಖ ಊದುವುದು, ದೃಷ್ಟಿ ಮಂಜಾಗುವಂತಹ ತಲೆನೋವು, ತೀವ್ರ ಭೇದಿ ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಅವಧಿ ಮೀರಿದ ಮಾತ್ರೆಗಳನ್ನು ಉಪಯೋಗಿಸಲೇಕೂಡದು. ಕೊಟ್ಟಿಗೆಯಲ್ಲಿ ಉಳಿದಿರುವ ದನಗಳ ಆಕ್ಸಿಟೆಟ್ರಾಸೈಕ್ಲಿನ್ ಔಷಧವು ಇದೇ ವರ್ಗದ್ದೆಂದು ಮನುಷ್ಯರಿಗೆ ಕೊಡುವುದೂ, ಮನುಷ್ಯರ ಮಾತ್ರೆಗಳನ್ನು ದನಗಳಿಗೆ ತಿನ್ನಿಸುವುದೂ ಅಪಾಯಕರವಾದ ಅಭ್ಯಾಸಗಳು.

ಮುಂಜಾಗ್ರತೆ

ಇಲಿಜ್ವರ ಹೆಚ್ಚಾಗಿರುವ ಪ್ರದೇಶಗಳಲ್ಲಿ, ಕೆಸರಿನಲ್ಲಿ ದುಡಿಯುವವರಿಗೆ ಆರೋಗ್ಯ ಇಲಾಖೆಯವರು ವಾರಕ್ಕೊಮ್ಮೆ ೨೦೦ ಮಿಲಿಗ್ರಾಂ ಪ್ರಮಾಣವನ್ನು ಆರು ವಾರಗಳಿಗೆ ಮೀರದಂತೆ ಕೊಡುವುದುಂಟು. ಇದರಿಂದ ಪೂರ್ಣ ರಕ್ಷಣೆ ದೊರೆಯುವುದೆಂದು ತಿಳಿಯಬಾರದು. ವೈದ್ಯರ ಅಪ್ಪಣೆಯಿಲ್ಲದೆ ಮಾಲೀಕರು ಮಾತ್ರೆಗಳನ್ನು ತರಿಸಿ ಹಂಚುವುದೂ ಸಲ್ಲದು. ಕಾಲಿಗೆ ರಬ್ಬರಿನ ಬೂಟು, ಗಾಯಕ್ಕೆ ನೀರು ತಾಕದಂತಹ ಕಟ್ಟು, ಕೆಲಸ ಮುಗಿದೊಡನೆ ಶುದ್ಧವಾದ ನೀರಿನಿಂದಲೂ ಸಾಬೂನಿನಿಂದಲೂ ಕೈಕಾಲು ತೊಳೆಯುವುದು, ಕಣಜದ ಸುತ್ತ ಇಲಿಗಳ ನಿವಾರಣೆ, ಕಾಯಿಸಿದ ನೀರನ್ನೇ ಕುಡಿಯುವುದು, ಇವು ಯಾವ ಮಾತ್ರೆಗಿಂತಲೂ ಮೊದಲು ಆಗಬೇಕಾದ ಕೆಲಸಗಳು.

ಮುಖಂಡರ ಕರ್ತವ್ಯ

ಜ್ವರ ಬಂದ ಆಳು ತಡಮಾಡುವುದು ಅಜ್ಞಾನವೊಂದರಿಂದಲೇ ಅಲ್ಲ. ಒಂದು ದಿನ ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ನಾಟಿಯ ಕಾಲದಲ್ಲಿ ಮಾಲೀಕನು ಬೇಸರಪಟ್ಟಾನೆಂಬ ಅಳುಕೂ ಉಂಟು. ಆದಕಾರಣ, ಗದ್ದೆಯಲ್ಲಿ ದುಡಿಯುವವರಿಗೆ ಜ್ವರ ಕಂಡ ಮೊದಲ ಅಥವಾ ಎರಡನೆಯ ದಿನವೇ ಅವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕು. ಕೆಸರಿನಲ್ಲಿ ಕೆಲಸ ಮಾಡಿದ ಸಂಗತಿಯನ್ನು ವೈದ್ಯರಿಗೆ ಹೇಳುವಂತೆ ತಿಳಿಸಬೇಕು. ರೋಗ ನಿರ್ಣಯಕ್ಕೆ ಇದರಿಂದ ಬಹಳ ಸಹಾಯವಾಗುತ್ತದೆ. ಆ ದಿನದ ಕೂಲಿಯನ್ನು ಕಡಿಯಬಾರದು. ಏಳು ದಿನಗಳ ಮಾತ್ರೆ ಮುಗಿಯಿತೇ ಎಂದು ವಿಚಾರಿಸಬೇಕು. ಒಂದೇ ಬಯಲಿನಲ್ಲಿ ಇಬ್ಬರು ಮೂವರಿಗೆ ಜ್ವರ ಬಂದರೆ ಆಶಾ ಕಾರ್ಯಕರ್ತೆಗೂ ಆರೋಗ್ಯ ಕೇಂದ್ರಕ್ಕೂ ಕೂಡಲೇ ತಿಳಿಸಬೇಕು.

ನಾಟಿಯು ಎರಡು ದಿನ ತಡವಾದರೆ ಆಗುವ ನಷ್ಟವನ್ನು ಮುಂದೆ ಹೇಗಾದರೂ ತುಂಬಿಕೊಳ್ಳಬಹುದು. ಚಿಕಿತ್ಸೆಯು ನಾಲ್ಕು ದಿನ ತಡವಾದರೆ ಆಗುವ ನಷ್ಟವನ್ನು ತುಂಬುವುದು ಯಾರಿಗೂ ಸಾಧ್ಯವಿಲ್ಲ. ಈ ಮಾತನ್ನು ಮುಂಗಾರಿಗೆ ಮೊದಲೇ ಗ್ರಾಮಸಭೆಯಲ್ಲಿ ಎಲ್ಲರಿಗೂ ಓದಿ ಹೇಳುವುದು ಮುಖಂಡರಿಂದ ಆಗತಕ್ಕ ದೊಡ್ಡ ಉಪಕಾರವಾಗುವುದು.